ಭಯವೂ ರುಚಿಸುವುದೇಕೆ?

ಹೆದರುವುದಕ್ಕೆಂದೇ ದುಡ್ಡು ಕೊಟ್ಟು ಟಿಕೆಟ್ ಪಡೆಯುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಿನಿಮಾಕ್ಕೂ ಮುನ್ನ ಈ ಆಸೆಯನ್ನು ಪೂರೈಸುತ್ತಿದ್ದುದು ಬಯಲಾಟ. ರಕ್ಕಸ ಪಾತ್ರಧಾರಿ ಅಬ್ಬರಿಸುತ್ತ ರಂಗಕ್ಕೆ ಬಂದೊಡನೆ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತಾರೆ. ಮರುಕ್ಷಣವೇ ಇಣುಕಿ ನೋಡುತ್ತಾರೆ. ಆಟ ಮುಗಿಯುವವರೆಗೂ ಎದ್ದು ಹೋಗುವುದಿಲ್ಲ.

ಈ ಸುಖವನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳುಗಳು ಅಣಕಿಸುವ ಸನ್ನಿವೇಶವನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಸವಿಯುತ್ತ ಬಂದಿದ್ದಾರೆ.

ಪರದೆಯ ಮೇಲೆ ನೆರಳೊಂದು ಸುಳಿದಾಗ ದೇಹದಲ್ಲಿ ಅಡ್ರಿನಾಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ನಿಜವಾದ ಅಪಾಯದಲ್ಲೂ ಆಗುವುದು ಇದೇ. ಆದರೆ ಕುರ್ಚಿಯಲ್ಲಿ ಕುಳಿತವನಿಗೆ ತಾನು ಸುರಕ್ಷಿತವೆಂಬ ಅರಿವು ಇರುತ್ತದೆ. ಹೀಗಾಗಿ ಗಂಡಾಂತರ ಸರಿದೊಡನೆ ಉಳಿದ ಉದ್ವೇಗವೆಲ್ಲ ಹಗುರವಾಗಿ ನಗುವಾಗುತ್ತದೆ. ಇದಕ್ಕೂ ಒಂದು ಹದವಿದೆ. ಡೆನ್ಮಾರ್ಕ್‌ನಲ್ಲಿ ಭೂತಬಂಗಲೆಯೊಂದರ 110 ಸಂದರ್ಶಕರಿಗೆ ಹೃದಯಬಡಿತ ಅಳೆಯುವ ಸಾಧನ ತೊಡಿಸಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ತೀರ ಕಡಿಮೆ ಹೆದರಿದವರಿಗೂ ತೀರ ಹೆಚ್ಚು ಹೆದರಿದವರಿಗೂ ಅಷ್ಟಾಗಿ ಮೋಜು ಸಿಕ್ಕಿರಲಿಲ್ಲ. ನಡುವಿನವರೇ ಹೆಚ್ಚು ಆನಂದಿಸಿದ್ದರು.

ಪಿ. ವಾಸು ನಿರ್ದೇಶನದ 'ಆಪ್ತಮಿತ್ರ' (2004) ಈ ಹದವನ್ನು ಚೆನ್ನಾಗಿ ಬಲ್ಲ ಚಿತ್ರ. ನಾಗವಲ್ಲಿಯ ಗೆಜ್ಜೆ ಸದ್ದಿನಿಂದ ನಡುಗಿಸಿ, ನಡುನಡುವೆ ಹಾಸ್ಯ ಬೆರೆಸಿ, ಕಡೆಗೆ ವಿಷ್ಣುವರ್ಧನ್ ಅವರ ಮನೋವೈದ್ಯ ಪಾತ್ರದ ಮೂಲಕ ಅದು ಪ್ರೇಕ್ಷಕನನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸುತ್ತದೆ.

ಸುರಕ್ಷಿತವೆಂಬ ಆ ಅರಿವೇ ಇಲ್ಲವಾದರೆ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ರಾಜ್ಯದ ಹಲವೆಡೆಯೂ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವವೊಂದು ಬಾಗಿಲು ತೆರೆದವರನ್ನು ಬಲಿ ಪಡೆಯುತ್ತದೆ, ಬರಹ ಓದಿದರೆ ಮರಳಿ ಹೋಗುತ್ತದೆ ಎಂಬುದು ವದಂತಿ. ಅಂದು ಸುಣ್ಣವನ್ನೋ ಸೀಮೆಸುಣ್ಣವನ್ನೋ ಹಿಡಿದು ಬಾಗಿಲಿಗೆ ಬರೆದವರಿಗೆ ಅದು ಮನರಂಜನೆಯಾಗಿರಲಿಲ್ಲ. 2018ರಲ್ಲಿ ತೆರೆಕಂಡ ಹಿಂದಿಯ 'ಸ್ತ್ರೀ' ಚಿತ್ರದಲ್ಲಿಯೂ ಗೋಡೆಗಳ ಮೇಲೆ ಅಂತಹುದೇ ಬರಹ. ಈ ಬಾರಿ ಜನ ಟಿಕೆಟ್ ಕೊಂಡು ಹೋಗಿ ಚೀರಿದರು, ಬಿದ್ದು ಬಿದ್ದು ನಕ್ಕರು.