ಕಡಲಾಚೆಯ ವಿದ್ಯೆಗೆ ಜಾಮೀನು ನಿಂತವರು

ಪರದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಜಿ ಬರೆದುಕೊಳ್ಳುವ ತರುಣನು ತನ್ನ ಹೆಸರು, ತನ್ನ ಅಂಕಗಳು, ತನ್ನ ಉದ್ದೇಶ ಇಷ್ಟನ್ನೇ ಅದರಲ್ಲಿ ಕಾಣಿಸುತ್ತಾನೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಕನ್ನಡನಾಡಿನಿಂದ ನೂರು ವರ್ಷಗಳಿಗೂ ಮಿಕ್ಕಿ ಹೊರಟುಹೋದ ಇಂಥ ಅರ್ಜಿಗಳ ಚರಿತ್ರೆಯನ್ನು ಪರಿಶೀಲಿಸಿದವರಿಗೆ, ಒಂದೊಂದರ ಹಿಂದೆಯೂ ಮತ್ತೊಬ್ಬರ ರುಜುವಿದ್ದುದು ಕಾಣದಿರದು. ಆ ರುಜು ಒಂದು ಕಾಲಕ್ಕೆ ಸಂಸ್ಥಾನದ ದಿವಾನರದು, ಇನ್ನೊಂದು ಕಾಲಕ್ಕೆ ಧರ್ಮನಿಧಿಯೊಂದರ ಧರ್ಮದರ್ಶಿಗಳದು, ಮತ್ತೊಂದು ಕಾಲಕ್ಕೆ ಪರದೇಶದ ಪ್ರತಿಷ್ಠಾನದವರದು. ಈಗ ಬಹುಪಾಲು, ಮನೆಯ ಪತ್ರಗಳನ್ನು ಅಡವಿಟ್ಟ ತಂದೆತಾಯಿಗಳದು. ವಿದ್ಯಾರ್ಥಿಗಿಂತ ಮೊದಲು ಅವನ ಜಾಮೀನುದಾರನನ್ನು ಅರಿತುಕೊಳ್ಳದೆ ಈ ಪದ್ಧತಿಯ ಚರಿತ್ರೆ ತಿಳಿಯುವುದಿಲ್ಲವೆಂಬುದು ನನ್ನ ನಂಬಿಕೆ.

ಮೊದಲಿನ ತೊಡಕು ಹಣದ್ದಲ್ಲ, ಆಚಾರದ್ದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಎಣಿಸಿದ್ದುದರಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಲಾಯತಿಗೆ ಹೋಗಬಯಸಿದವನು ಪರೀಕ್ಷೆಗೆ ಅಂಜುವುದಕ್ಕಿಂತ ಪಂಕ್ತಿಭೇದಕ್ಕೆ ಅಂಜಬೇಕಾಗಿತ್ತು. ಕರಾವಳಿಯ ಸಾರಸ್ವತ ಸಮಾಜದಲ್ಲಿ, ಹಡಗಿನಿಂದಿಳಿದು ಬಂದವರನ್ನು ಪ್ರಾಯಶ್ಚಿತ್ತ ಮಾಡಿಸಿಕೊಂಡು ಒಳಗೆ ಸೇರಿಸಬೇಕೋ, ಹೊರಗೇ ಇರಿಸಬೇಕೋ ಎಂಬ ವಿವಾದವು ಮಠದ ತನಕ ಹೋಗಿ ಅನೇಕ ಮನೆಗಳನ್ನು ಒಡೆಯಿತು. ಆ ಕರಾವಳಿಯ ಮಂಗಳೂರಿನವರೇ ಆದ ಬೆನಗಲ್ ನರಸಿಂಗರಾಯರು ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿ, ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮರಳಿ, ಮುಂದೆ ಸಂವಿಧಾನಸಭೆಯ ಸಲಹೆಗಾರರಾದರೆಂಬುದನ್ನು ನೆನೆದಾಗ, ಆ ನಿಷೇಧವು ಗೆದ್ದಿದ್ದರೆ ನಾಡು ಕಳೆದುಕೊಳ್ಳುತ್ತಿದ್ದುದು ಎಷ್ಟೆಂಬುದು ಮನಸ್ಸಿಗೆ ಬರುತ್ತದೆ.

ಆಚಾರದ ಕಟ್ಟು ಸಡಿಲವಾದ ಮೇಲೆ ಹಣದ ಪ್ರಶ್ನೆ ಮುಂದೆ ಬಂದಿತು. ಜಮ್‌ಶೆಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯು ಉನ್ನತ ವ್ಯಾಸಂಗಕ್ಕೆ ಸಾಲದ ರೂಪದಲ್ಲಿ ನೆರವಾಗುತ್ತಿದ್ದರೆ, ದೇಶೀಯ ಸಂಸ್ಥಾನಗಳು ವೇತನವನ್ನು ಕೊಟ್ಟು ಸೇವೆಯ ಮುಚ್ಚಳಿಕೆಯನ್ನು ಬರೆಸಿಕೊಳ್ಳುತ್ತಿದ್ದುವು. ಬಡೋದೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರರನ್ನು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನದ ಮೇಲೆ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದಾಗ, ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದೆಂಬುದು ಕರಾರಾಗಿತ್ತು. 1915ರಲ್ಲಿ ಎಂ.ಎ. ಪದವಿಯನ್ನು ಪಡೆದು, ಮಾತಿಗೆ ತಪ್ಪದೆ ಬಡೋದೆಗೆ ಬಂದ ಆ ವಿದ್ವಾಂಸರಿಗೆ ತಲೆಯ ಮೇಲೊಂದು ಸೂರು ದೊರೆಯದಂತೆ ಮಾಡಿದ್ದು ಆ ಊರಿನ ಜಾತಿ. ಅರಸನು ಕೊಟ್ಟ ಮಾತನ್ನು ಊರು ನಡೆಸಿಕೊಡಲಿಲ್ಲ. ಪರದೇಶ ವಿದ್ಯಾಭ್ಯಾಸದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ನಾಚಿಕೆಗೇಡಿನ ಪ್ರಕರಣವನ್ನು ನಾನು ಅರಿಯೆ.

ಮೈಸೂರು ಸಂಸ್ಥಾನವೂ ಇದೇ ಪರಿಪಾಟಿಯನ್ನು ಅನುಸರಿಸಿತು. ಅದರ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂಗರ್ಭಶಾಸ್ತ್ರವನ್ನು ಓದಿದ ಟಿ. ಪಿ. ಕೈಲಾಸಂ ಅವರು 1915ರಲ್ಲಿ ಹಿಂದಿರುಗಿ ಭೂಗರ್ಭ ಇಲಾಖೆಯನ್ನು ಸೇರಿದರಾದರೂ, ಕೆಲವೇ ವರ್ಷಗಳಲ್ಲಿ ಆ ಹುದ್ದೆಯನ್ನು ತೊರೆದು ಕನ್ನಡ ರಂಗಭೂಮಿಗೆ ಹೊಸ ಮಾತನ್ನು ತಂದುಕೊಟ್ಟರು. ಲಂಡನ್ನಿನಲ್ಲಿಯೇ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಪರಿಚಿತವಾಗುವ ಮುನ್ನ ಮೈಸೂರಿನ ಶ್ರೋತೃಗಳಿಗೆ ಪರಿಚಿತವಾಗಿತ್ತು. ಕಲ್ಲಿನ ಶಾಸ್ತ್ರಕ್ಕೆಂದು ಕೊಟ್ಟ ವೇತನ ನಾಟಕವಾಗಿಯೂ, ಮನಸ್ಸಿನ ಶಾಸ್ತ್ರಕ್ಕೆಂದು ಕಡಲು ದಾಟಿದ ವ್ಯಾಸಂಗ ಬಾನುಲಿಯಾಗಿಯೂ ನಾಡಿಗೆ ಸಂದುವು. ಯಾವ ಆಯ್ಕೆಯ ಸಮಿತಿಗೂ ಇವುಗಳನ್ನು ಮುಂಗಾಣುವ ಶಕ್ತಿಯಿರಲಿಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವಾಗ ತಾಳ್ಮೆಯಿಂದಿದ್ದುದೇ ಆ ಕಾಲದ ದೊಡ್ಡತನ.

ಸಂಸ್ಥಾನದ ಆಶ್ರಯವಿಲ್ಲದ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರದ ಜಿಲ್ಲೆಗಳಲ್ಲಿ ಆ ಸ್ಥಾನವನ್ನು ಸಮಾಜವೇ ತುಂಬಿತು. ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ದೀರ್ಘ ವ್ಯಾಜ್ಯದ ಬಳಿಕ ಊರ್ಜಿತವಾದ ಆ ನಿಧಿಯಿಂದ ತಲೆಮಾರುಗಳು ಓದಿದುವು. ಗೋಕಾಕ ಸೀಮೆಯ ಮಮದಾಪುರದಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಆಗಿ, ಮುಂದೆ ಧಾರವಾಡದ ವಿಶ್ವವಿದ್ಯಾನಿಲಯವನ್ನು ಕುಲಪತಿಯಾಗಿ ಕಟ್ಟಿ ನಿಲ್ಲಿಸಿದರು. ಡೆಕ್ಕನ್ ಎಜುಕೇಷನ್ ಸೊಸೈಟಿಯು ಆಕ್ಸ್‌ಫರ್ಡಿಗೆ ಕಳುಹಿಸಿದ ವಿ. ಕೃ. ಗೋಕಾಕರು 1938ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾಗಿ ಬಂದು ಸಾಂಗಲಿಯ ಕಾಲೇಜಿನ ಪ್ರಾಂಶುಪಾಲರಾದರು. ದಾಟಿದ ಕಡಲು ‘ಸಮುದ್ರ ಗೀತೆಗಳು’ ಎಂಬ ಕವನಸಂಕಲನವಾಯಿತು.

ಹೆಣ್ಣುಮಕ್ಕಳ ದಾರಿ ಇನ್ನೂ ಇಕ್ಕಟ್ಟಿನದಾಗಿತ್ತು. ನಂಜನಗೂಡಿನಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು, ಮೈಸೂರಿನ ಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಅಜ್ಜಿಯು ವಿಧವೆಯರ ಮತ್ತು ಪರಿತ್ಯಕ್ತೆಯರ ವಿದ್ಯೆಗಾಗಿ ದುಡಿದವರಾದುದರಿಂದ ಮೊಮ್ಮಗಳ ಓದಿಗೆ ಮೊದಲನೆಯ ಜಾಮೀನು ಮನೆಯಲ್ಲಿಯೇ ದೊರಕಿತ್ತೆನ್ನಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದ ಅವರು, ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು, ಸುಮಾರು ಒಂದು ತಿಂಗಳು ಹಡಗಿನಲ್ಲಿ ಪಯಣಿಸಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಮುಟ್ಟಿದರು. ಅಲ್ಲಿ ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಪದವಿ ಮುಗಿದಮೇಲೆ, ಏಷ್ಯದ ಸ್ತ್ರೀಯರಿಗೆಂದು 1917ರಲ್ಲಿ ಏರ್ಪಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನದಿಂದ ಸಂಶೋಧನೆಯನ್ನು ಪೂರೈಸಿ, 1953ರಲ್ಲಿ ಬೆಂಗಳೂರಿಗೆ ಮರಳಿ, ಮೈಕ್ರೋವೇವ್ ಹಾಗೂ ಆಂಟೆನಾ ವಿದ್ಯೆಯಲ್ಲಿ ಶಿಷ್ಯಪರಂಪರೆಯನ್ನೇ ಬೆಳೆಸಿದರು. ವಿಜ್ಞಾನ ಸಂಸ್ಥೆಯ ಇಂಜಿನಿಯರಿಂಗ್ ಅಧ್ಯಾಪಕವರ್ಗದಲ್ಲಿ ಅವರೇ ಮೊದಲ ಮಹಿಳೆ.

1950ರ ಫುಲ್‌ಬ್ರೈಟ್ ಒಪ್ಪಂದ ಮತ್ತು ಅದರ ಹತ್ತು ವರ್ಷಗಳ ತರುವಾಯ ಆರಂಭವಾದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳೊಡನೆ ಜಾಮೀನು ಪರದೇಶದವರ ಕೈಗೆ ಹೋಯಿತು. ಆ ಕಾಲದ ಅರ್ಜಿದಾರನ ಪಾಡನ್ನು ಇಂದಿನವರು ಸ್ವಲ್ಪ ತಿಳಿದಿರಬೇಕು. ಏರೋಗ್ರಾಮಿನ ನೀಲಿ ಹಾಳೆಯಲ್ಲಿ ಅರ್ಜಿಯ ನಮೂನೆಗೆ ಬರೆದುಕೊಂಡು, ಉತ್ತರಕ್ಕಾಗಿ ವಾರಗಟ್ಟಲೆ ಅಂಚೆಯವನ ದಾರಿ ಕಾದು, ಮಾರ್ಕ್ಸ್ ಕಾರ್ಡುಗಳ ನಕಲನ್ನು ಟೈಪ್ ಮಾಡಿಸಿ ಗೆಜೆಟೆಡ್ ಅಧಿಕಾರಿಯ ಮೊಹರಿಗಾಗಿ ಅಲೆದು, ವಿಶ್ವವಿದ್ಯಾನಿಲಯದ ಕಚೇರಿಯಾದ ಮೈಸೂರಿನ ಕ್ರಾಫರ್ಡ್ ಹಾಲಿನ ಮೆಟ್ಟಿಲುಗಳನ್ನು ಪುನಃ ಪುನಃ ಹತ್ತಿಳಿದು, ಪ್ರಾಧ್ಯಾಪಕರ ಶಿಫಾರಸು ಪತ್ರಗಳನ್ನು ಸಂಪಾದಿಸಿ, ಎಲ್ಲವೂ ಕೈಗೂಡಿದ ಮೇಲೂ ವಿದೇಶ ಪ್ರಯಾಣಕ್ಕೆ ಅನುಮತಿಯಾದ ರಿಸರ್ವ್ ಬ್ಯಾಂಕಿನ ‘ಪಿ’ ಫಾರಂ ಮಂಜೂರಾಗದೆ ಹಡಗಿನ ಟಿಕೆಟ್ಟನ್ನು ಕೊಳ್ಳುವಂತಿರಲಿಲ್ಲ. ವಿದೇಶೀ ವಿನಿಮಯದ ಅಭಾವದಿಂದ, ಅರುವತ್ತರ ದಶಕದಲ್ಲಿ ಎಷ್ಟೋ ಮಂದಿ ಎಂಟು ಡಾಲರುಗಳನ್ನಷ್ಟೇ ಜೇಬಿನಲ್ಲಿರಿಸಿಕೊಂಡು ಅಮೆರಿಕದಲ್ಲಿಳಿದರು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿದಾಗ, ಮೂರು ಸಾವಿರ ಡಾಲರಿನ ವೆಚ್ಚವು 14,280 ರೂಪಾಯಿಯಿಂದ ಒಂದೇ ದಿನದಲ್ಲಿ 22,500 ರೂಪಾಯಿಗೆ ಮುಟ್ಟಿತು. ಅಲ್ಲಿನ ವಿಶ್ವವಿದ್ಯಾನಿಲಯವೇ ಸಹಾಯಕನ ಕೆಲಸ ಕೊಟ್ಟು ಸಾಕದಿದ್ದರೆ ಮಧ್ಯಮವರ್ಗದ ಹುಡುಗನಿಗೆ ಗತಿಯಿರಲಿಲ್ಲ.

ಆದರೂ ಆ ಪೀಳಿಗೆಯ ಫಲ ಅಲ್ಪವಾದುದಲ್ಲ. ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೊರಟಿದ್ದ ಗಿರೀಶ ಕಾರ್ನಾಡರು, ಪ್ರಯಾಣಕ್ಕೆ ಮುಂಚಿನ ಮನೆಯ ಕಳವಳದ ನಡುವೆ ‘ಯಯಾತಿ’ಯನ್ನು ಬರೆದರು; ತಂದೆಗಾಗಿ ಮಗನು ಯೌವನವನ್ನೇ ಒತ್ತೆಯಿಡುವ ಕಥೆ ಆ ಹೊತ್ತಿಗೆ ಒದಗಿಬಂದದ್ದು ಆಕಸ್ಮಿಕವಲ್ಲ. ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧನೆಗೆ ತೊಡಗಿದ್ದ ಯು. ಆರ್. ಅನಂತಮೂರ್ತಿಯವರು ಅಲ್ಲಿ ಕುಳಿತು ‘ಸಂಸ್ಕಾರ’ವನ್ನು ಬರೆದರು.

ಇಂದಿನ ಅರ್ಜಿ ಗಳಿಗೆಯೊಳಗೆ ತಲುಪುತ್ತದೆ, ಪರದೇಶದ ವಿನಿಮಯಕ್ಕೂ ಕೊರತೆಯಿಲ್ಲ. ಆದರೆ ಜಾಮೀನು ಮನೆಯ ಮೇಲೆ ಬಿದ್ದಿದೆ. ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತರ ನೇತೃತ್ವದ ಅಧ್ಯಯನ ತಂಡದ ಸಲಹೆಯಂತೆ 2001ರಲ್ಲಿ ರೂಪುಗೊಂಡ ಶಿಕ್ಷಣ ಸಾಲದ ಯೋಜನೆಯು ಪರದೇಶದ ಓದಿಗೆ 15 ಲಕ್ಷ ರೂಪಾಯಿಗಳವರೆಗೆ ಅವಕಾಶ ಕೊಟ್ಟು, 4 ಲಕ್ಷಕ್ಕೆ ಮೇಲ್ಪಟ್ಟ ಸಾಲಕ್ಕೆ ಆಸ್ತಿಯ ಆಧಾರವನ್ನೋ ಮೂರನೆಯವರ ಖಾತರಿಯನ್ನೋ ಕೇಳಿತು. ಅದು ಸಾವಿರಾರು ಮನೆಗಳಿಗೆ ಬಾಗಿಲು ತೆರೆದುದನ್ನು ಅಲ್ಲಗಳೆಯಲಾಗದು. ಆದರೆ ತಿಂಗಳ ಕಂತಿನ ಭಾರವನ್ನು ಹೊತ್ತವನು ಕೈಲಾಸಂ ಅವರಂತೆ ಹುದ್ದೆ ಬಿಟ್ಟು ನಾಟಕ ಬರೆಯಲಾರ. ಅಡವಿಡಲು ಮನೆಯೇ ಇಲ್ಲದವನು ಅರ್ಜಿಯನ್ನೇ ಬರೆಯಲಾರ. 1954ರಿಂದ ನಡೆದುಬಂದಿರುವ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನವೂ, ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳಿಗೆಂದು ಕರ್ನಾಟಕ ಸರ್ಕಾರವು ಆರಂಭಿಸಿದ ‘ಪ್ರಬುದ್ಧ’ ಯೋಜನೆಯೂ ಹಳೆಯ ಸಂಸ್ಥಾನಗಳ ಧರ್ಮವನ್ನು ಮುಂದುವರಿಸುತ್ತಿವೆ. ಇವುಗಳ ಸಂಖ್ಯೆ ಹೆಚ್ಚಬೇಕು, ಹಣವು ಕಾಲಕ್ಕೆ ಸರಿಯಾಗಿ ವಿದ್ಯಾರ್ಥಿಯ ಕೈಸೇರಬೇಕು. ನಾಡಿನ ಮಠಗಳು, ಉದ್ಯಮಿಗಳು, ಅದೇ ದಾರಿಯಲ್ಲಿ ಹೋಗಿ ಪರದೇಶಗಳಲ್ಲಿ ನೆಲೆನಿಂತ ಕನ್ನಡಿಗರು, ಶಿರಸಂಗಿಯ ಲಿಂಗರಾಜರು ಮಾಡಿದ್ದನ್ನು ತಮ್ಮ ಕಾಲಕ್ಕೆ ತಕ್ಕಂತೆ ಮಾಡಲು ಮುಂದಾಗಬೇಕೆಂದು ಕೇಳಿಕೊಳ್ಳುತ್ತೇನೆ.