ಜೈವಿಕಪೊರೆ ಮತ್ತು ಉತ್ಪರಿವರ್ತನೆ

ಜೈವಿಕಪೊರೆ ಅಥವಾ ಬಯೋಫಿಲ್ಮ್ ಎಂದರೆ ಬ್ಯಾಕ್ಟೀರಿಯಾಗಳು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಸಕ್ಕರೆ, ಪ್ರೋಟೀನು, ಡಿಎನ್‌ಎಗಳ ಲೋಳೆಯಲ್ಲಿ ಗುಂಪಾಗಿ ಬೆಳೆಯುವ ರಚನೆ. ಆಹಾರದಿಂದ ಹರಡುವ ರೋಗಾಣುಗಳಲ್ಲಿ ಜೀನುಗಳ ಉತ್ಪರಿವರ್ತನೆ, ಅಂದರೆ ಡಿಎನ್‌ಎಯಲ್ಲಾಗುವ ಬದಲಾವಣೆ, ಇದನ್ನು ಹೆಚ್ಚಿಸಲೂಬಹುದು, ಕುಗ್ಗಿಸಲೂಬಹುದು.

ಹೆಚ್ಚು ಅಧ್ಯಯನವಾಗಿರುವುದು ಸಾಲ್ಮೊನೆಲ್ಲಾ. ಇದರಲ್ಲಿ ಸಿಎಸ್‌ಜಿಡಿ ಜೀನು ಕರ್ಲಿ ಎಂಬ ಪ್ರೋಟೀನ್ ಎಳೆಗಳನ್ನೂ ಸೆಲ್ಯುಲೋಸನ್ನೂ ನಿಯಂತ್ರಿಸುತ್ತದೆ. ಕಾಂಗೋ ರೆಡ್ ಬೆರೆಸಿದ ಅಗರ್ ತಟ್ಟೆಯಲ್ಲಿ ಇವೆರಡೂ ಇರುವ ತಳಿ ಕೆಂಪಗೆ, ಒಣಕಲಾಗಿ, ಸುಕ್ಕುಗಟ್ಟಿ ಬೆಳೆಯುತ್ತದೆ; ಈ ಜೀನು ಕೆಟ್ಟ ತಳಿ ನುಣುಪಾಗಿ, ಬಿಳಿಚಿಕೊಂಡು ಕಾಣುತ್ತದೆ. ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಾಣುವ ಈ ಕೆಂಪು, ಸುಕ್ಕುಗಟ್ಟಿದ ರೂಪ, ಜೀನಿನ ಚಾಲಕ ಭಾಗದಲ್ಲಿ ಒಂದೇ ಅಕ್ಷರ ಬದಲಾದರೆ 37 ಡಿಗ್ರಿಯಲ್ಲೂ ಪ್ರಕಟವಾಗಬಲ್ಲದು. ಇ. ಕೋಲಿ ಒ157:ಎಚ್7ನ ಅನೇಕ ತಳಿಗಳಲ್ಲಿ ಕರ್ಲಿಗೆ ಬೇಕಾದ ಎಂಎಲ್‌ಆರ್‌ಎ ಜೀನಿನೊಳಗೆ ವೈರಸ್ಸಿನ ಡಿಎನ್‌ಎ ಸೇರಿಕೊಂಡು ಕರ್ಲಿ ಕುಗ್ಗಿದೆ. ಲಿಸ್ಟೀರಿಯಾದಲ್ಲಿ ಕಶಾಂಗದ ಜೀನುಗಳು ಕೆಟ್ಟರೆ ಮೊದಲ ಅಂಟುವಿಕೆ ದುರ್ಬಲವಾಗುತ್ತದೆ.

ಪೊರೆಯೊಳಗಿನ ಕೋಶಗಳನ್ನು ಕ್ಲೋರಿನ್‌ನಂಥ ಸೋಂಕುನಿವಾರಕಗಳು ಸುಲಭವಾಗಿ ಕೊಲ್ಲಲಾರವು. ಹಿರೇಕೆರೂರಿನಂಥ ತಾಲ್ಲೂಕುಗಳ ಹಾಲಿನ ಸರಪಳಿಗೂ ಇದು ನೇರವಾಗಿ ಅನ್ವಯಿಸುತ್ತದೆ: ಕ್ಯಾನಿನ ಮುಚ್ಚಳದ ರಬ್ಬರ್ ಬಳೆ, ಬೆಸುಗೆಯ ಅಂಚು, ಪೈಪಿನ ತಿರುವುಗಳಲ್ಲಿ ಹಾಲಿನ ಜಿಡ್ಡು ಉಳಿದಲ್ಲೆಲ್ಲ ಪೊರೆ ಕಟ್ಟಬಹುದು. 72 ಡಿಗ್ರಿಯಲ್ಲಿ 15 ಸೆಕೆಂಡುಗಳ ಪಾಶ್ಚೀಕರಣ ಈ ಮೂರೂ ರೋಗಾಣುಗಳನ್ನು ನಾಶಮಾಡುತ್ತದಾದರೂ, ಆನಂತರದ ಕೊಳವೆಗಳಲ್ಲಿ ಪೊರೆಯಿದ್ದರೆ ಹಾಲು ಮತ್ತೆ ಕಲುಷಿತವಾಗುತ್ತದೆ. ಆದ್ದರಿಂದ ಬ್ರಷ್ಷಿನ ಉಜ್ಜುವಿಕೆ, ಕ್ಷಾರ ಮತ್ತು ಆಮ್ಲದ ತೊಳೆತ, ಬಳಿಕ ಸೋಂಕುನಿವಾರಣೆ ಎಂಬ ಕ್ರಮ ಅಗತ್ಯ.