ದೋಷದ ಕೊನೆಯ ಮಾತು

ಶಾಸನದಲ್ಲಿ ಅಕ್ಷರ ಸವೆದಿದ್ದರೆ ಓದಿದವರು ಅಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾರೆ. ಆ ಚುಕ್ಕೆಗಳಿಗೂ ಬೆಲೆಯಿದೆ. ಇಲ್ಲೇನೋ ಇತ್ತು, ಈಗಿಲ್ಲ ಎಂದು ಅವು ಹೇಳುತ್ತವೆ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಕಂಪ್ಯೂಟರಿನ ದೋಷಸಂದೇಶಗಳಲ್ಲಿ ಆಸಕ್ತಿ ಹುಟ್ಟಿದ್ದು ಇದೇ ಕಾರಣಕ್ಕೆ. ಕೆಟ್ಟುಹೋದದ್ದರ ದಾಖಲೆಯನ್ನು ಯಾರಿಗಾಗಿ, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಪಿಎಚ್‌ಪಿ ಭಾಷೆಯ ಚರಿತ್ರೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದೆ.

ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತಮ್ಮ ವೆಬ್ ಪುಟಕ್ಕೆಂದು ಬರೆದುಕೊಂಡಿದ್ದ ಸಲಕರಣೆಗಳನ್ನು 1995ರಲ್ಲಿ ಎಲ್ಲರಿಗೂ ಕೊಟ್ಟರು. ಸರ್ವರ್‌ನಲ್ಲಿ ಓಡಿ ಪುಟ ಕಟ್ಟಿಕೊಡುವ ಭಾಷೆ ಇದು. ಹಾಗಾಗಿ ದೋಷವಾದರೆ ಅದರ ಸಂದೇಶವೂ ಪುಟದೊಳಗೇ ಬಂದು ಕೂರಬಲ್ಲದು. ಬರೆದವರಿಗೆ ಬೇಕಾದ ಕಡತದ ಹೆಸರು, ಸಾಲಿನ ಸಂಖ್ಯೆ ದಾರಿಹೋಕರಿಗೂ ಕಾಣುತ್ತವೆ, ಕನ್ನ ಹಾಕಲು ಬಂದವರಿಗೂ ಕಾಣುತ್ತವೆ.

ಇದಕ್ಕೆ ಸುಲಭದ ಮದ್ದು 'ಅಟ್' ಚಿಹ್ನೆ. ಎಕ್ಸ್‌ಪ್ರೆಷನ್ ಒಂದರ ಮುಂದೆ ಅದನ್ನಿಟ್ಟರೆ ಎಚ್ಚರಿಕೆಯ ಬಾಯಿ ಮುಚ್ಚುತ್ತದೆ. ಆದರೆ ಬಾಯಿ ಮುಚ್ಚಿಸಿದ ಮೇಲೆ ಏನಾಯಿತೆಂದು ತಿಳಿಯುವುದು ಹೇಗೆ? ಹಳೆಯ ಆವೃತ್ತಿಗಳಲ್ಲಿ 'ಟ್ರ್ಯಾಕ್ ಎರರ್ಸ್' ಎಂಬ ಸೆಟ್ಟಿಂಗ್ ಹಚ್ಚಿದ್ದರೆ ಸಂದೇಶ ಒಂದು ವಿಶೇಷ ಚರಾಕ್ಷರದಲ್ಲಿ ಉಳಿಯುತ್ತಿತ್ತು. ಅದೂ ದೋಷ ನಡೆದ ಫಂಕ್ಷನ್‌ನೊಳಗೆ ಮಾತ್ರ. ಹೊಸ್ತಿಲು ದಾಟಿದರೆ ಇಲ್ಲ. 2006ರಲ್ಲಿ ಬಂದ 5.2ನೇ ಆವೃತ್ತಿ 'ಎರರ್ ಗೆಟ್ ಲಾಸ್ಟ್' ಎಂಬ ಫಂಕ್ಷನ್ ಕೊಟ್ಟಿತು. ದೋಷದ ಬಗೆ, ಸಂದೇಶ, ಕಡತ, ಸಾಲು ಎಂಬ ನಾಲ್ಕು ವಿವರಗಳನ್ನು ಅದು ಹೇಳುತ್ತದೆ. ಬಾಯಿ ಮುಚ್ಚಿಸಿದ ದೋಷವೂ ಅಲ್ಲಿ ಸಿಗುತ್ತದೆ. ಪ್ರೋಗ್ರಾಂ ಸತ್ತ ಮೇಲೆ ಕೊನೆಯದಾಗಿ ಓಡುವ ಫಂಕ್ಷನ್‌ನಲ್ಲಿ ಅದನ್ನು ಕರೆದರೆ ಸಾವಿನ ಕಾರಣವೂ ತಿಳಿಯುತ್ತದೆ. ಮಿತಿ ಹೆಸರಿನಲ್ಲೇ ಇದೆ: ಕೊನೆಯದು ಮಾತ್ರ. ಹೊಸ ದೋಷ ಬಂದರೆ ಹಳೆಯದು ಅಳಿಯುತ್ತದೆ.

ಸಂದೇಶ ಸಿಕ್ಕರೂ ಅರ್ಥವಾಗಬೇಕಲ್ಲ! ಇಸ್ರೇಲಿನ ಜೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಈ ಭಾಷೆಯ ಒಡಲನ್ನು ಹೊಸದಾಗಿ ಬರೆದರು. 1998ರಲ್ಲಿ ಮೂರನೇ ಆವೃತ್ತಿ ಬಂತು. ಎರಡು ಜೋಡಿಚುಕ್ಕೆಗಳ ಚಿಹ್ನೆಗೆ ಅವರಿಟ್ಟ ಹೆಸರು 'ಪಾಮಾಯಿಮ್ ನೆಕುದೊತಾಯಿಮ್'. ಹೀಬ್ರೂವಿನಲ್ಲಿ ಅದಕ್ಕೆ 'ಎರಡು ಸಲ ಜೋಡಿಚುಕ್ಕೆ' ಎಂದರ್ಥ. ಎರಡೂ ಪದಗಳ ಕೊನೆಯಲ್ಲಿರುವುದು ದ್ವಿವಚನದ ಪ್ರತ್ಯಯ. ಸಂಸ್ಕೃತದಲ್ಲಿ ದ್ವಿವಚನವಿದೆ, ಕನ್ನಡದಲ್ಲಿಲ್ಲ. ಆ ಪದ ದೋಷಸಂದೇಶದಲ್ಲಿ ಎದುರಾದಾಗ ಹೀಬ್ರೂ ಬಾರದವರು ಬೆಪ್ಪಾಗುತ್ತಿದ್ದರು. ಇಂಗ್ಲಿಷ್ ಬಾರದ ನಮ್ಮ ವಿದ್ಯಾರ್ಥಿಗೆ ಉಳಿದೆಲ್ಲ ಸಂದೇಶಗಳೂ ಹೀಗೆಯೇ ಕಾಣುತ್ತವೆ ಎಂಬುದನ್ನು ನಾವು ಮರೆಯುತ್ತೇವೆ.

2020ರ ಎಂಟನೇ ಆವೃತ್ತಿ ಹಳೆಯ ವಿಶೇಷ ಚರಾಕ್ಷರವನ್ನು ತೆಗೆದುಹಾಕಿತು. ಮಾರಕ ದೋಷಗಳ ಬಾಯಿ ಮುಚ್ಚಿಸುವ ಅಧಿಕಾರವನ್ನೂ 'ಅಟ್' ಚಿಹ್ನೆಯಿಂದ ಕಸಿದುಕೊಂಡಿತು. ಕೆಟ್ಟದ್ದನ್ನು ಊರಿಗೆಲ್ಲ ಸಾರಬೇಕಿಲ್ಲ, ದುರಸ್ತಿ ಮಾಡುವವರಿಗೆ ತಲುಪಿದರೆ ಸಾಕು. ಇಪ್ಪತ್ತೈದು ವರ್ಷಗಳಲ್ಲಿ ಒಂದು ಭಾಷೆ ಕಲಿತ ಈ ವಿವೇಕವನ್ನು ದಫ್ತರಗಳನ್ನು ಕಾಯುವವರೆಲ್ಲ ಕಲಿಯಬಹುದು.